ಸಂಬಳದಾರರೂ ವರಮಾನ ತೆರಿಗೆಯೂ

ಸಂಸಾರ ನಡೆಯಿಸುವವರಿಗೆ ಸಂಬಳವೆಷ್ಟು ಎಂಬುದು ತಿಳಿದಿದ್ದರೆ ಸಾಲದು. ಆ ಸಂಬಳದಲ್ಲಿ ಮನೆಯ ಹೊಸಿಲನ್ನು ದಾಟಿ ಒಳಕ್ಕೆ ಬರುವುದೆಷ್ಟು ಎಂಬುದೂ ತಿಳಿದಿರಬೇಕು. ವರ್ತಕನು ತನ್ನ ಲಾಭವನ್ನು ಮೊದಲು ಕೈಯಲ್ಲಿ ಹಿಡಿದು ಅನಂತರ ಸರ್ಕಾರಕ್ಕೆ ಸಲ್ಲತಕ್ಕದ್ದನ್ನು ಸಲ್ಲಿಸುವನು. ಸಂಬಳದಾರನ ಸ್ಥಿತಿ ಹಾಗಲ್ಲ. ಅವನ ತೆರಿಗೆಯು ಹಣ ಕೈಸೇರುವುದಕ್ಕೆ ಮುಂಚೆಯೇ, ತಿಂಗಳು ತಿಂಗಳೂ, ಕಚೇರಿಯಲ್ಲಿಯೇ ಮುರಿದುಹೋಗುವುದು. ಎಷ್ಟು ಮುರಿಯಬೇಕೆಂಬುದನ್ನು ಕಚೇರಿಯ ಗುಮಾಸ್ತನು ತನ್ನ ಇಷ್ಟದಂತೆ ನಿಶ್ಚಯಿಸುವುದಿಲ್ಲ. ನೌಕರನು ಬರೆದುಕೊಟ್ಟ ಒಂದು ತಿಳಿವಳಿಕೆಯನ್ನು ಆಧಾರವಾಗಿಟ್ಟುಕೊಂಡು ನಿಶ್ಚಯಿಸುವನು. ಪ್ರತಿ ವರ್ಷವೂ ಏಪ್ರಿಲ್ ತಿಂಗಳಿನಲ್ಲಿ ಕಚೇರಿಯಿಂದ, "ತಾವು ಹಳೆಯ ಪದ್ಧತಿಯನ್ನು ಅನುಸರಿಸುವಿರೋ, ಹೊಸ ಪದ್ಧತಿಯನ್ನು ಅನುಸರಿಸುವಿರೋ?" ಎಂದು ಒಂದು ಪ್ರಶ್ನೆ ಬರುವುದಷ್ಟೆ. ಬಹುಮಂದಿ ಅದನ್ನು ಕಾಟವೆಂದು ಬಗೆದು, ಪಕ್ಕದ ಮೇಜಿನವರು ಏನು ಬರೆದರೋ ಅದನ್ನೇ ತಾವೂ ಬರೆದು ಕೈತೊಳೆದುಕೊಳ್ಳುವರು. ಮತ್ತೆ ಕೆಲವರು ಏನನ್ನೂ ಬರೆಯುವುದೇ ಇಲ್ಲ. ಈ ಎರಡು ನಡೆಗಳಿಂದಲೂ ಸಂಸಾರಕ್ಕೆ ನಷ್ಟವಾಗಬಹುದೆಂಬುದನ್ನು ವಾಚಕರ ಮನಸ್ಸಿಗೆ ತರಬೇಕೆಂಬುದೇ ನಮ್ಮ ಉದ್ದೇಶ.

ಎರಡು ದಾರಿಗಳು ಹೇಗೆ ಬಂದುವು

ನಮ್ಮ ದೇಶದಲ್ಲಿ ವರಮಾನ ತೆರಿಗೆಯನ್ನು ಮೊದಲು ವಿಧಿಸಿದುದು 1860ನೆಯ ಇಸವಿಯಲ್ಲಿ. ಅದಕ್ಕೆ ಮೂರು ವರ್ಷಗಳ ಹಿಂದೆ ನಡೆದ ದಂಗೆಯಿಂದ ಬರಿದಾದ ಬೊಕ್ಕಸವನ್ನು ತುಂಬುವುದಕ್ಕಾಗಿ ಜೇಮ್ಸ್ ವಿಲ್ಸನ್ ಎಂಬ ಅರ್ಥಸಚಿವನು ಇದನ್ನು ತಂದನು. ಸ್ವಾತಂತ್ರ್ಯಾನಂತರ 1961ರಲ್ಲಿ ವಿಸ್ತಾರವಾದ ಶಾಸನವೊಂದು ಆಯಿತು. ಅದರ ಸ್ಥಾನಕ್ಕೆ 2026ನೆಯ ಏಪ್ರಿಲ್ 1ರಿಂದ ಬರುವಂತೆ 2025ರಲ್ಲಿ ಹೊಸ ಶಾಸನವಾಗಿದೆ. ಕಲಮುಗಳ ಸಂಖ್ಯೆ ಬದಲಾದರೂ ನಾವಿಲ್ಲಿ ಹೇಳುವ ಎರಡು ದಾರಿಗಳು ಹಾಗೆಯೇ ಉಳಿದಿವೆ.

ಹಳೆಯ ಪದ್ಧತಿಯ ತತ್ತ್ವವೇನೆಂದರೆ, ತೆರಿಗೆಯ ದರ ಹೆಚ್ಚು, ಆದರೆ ವಿನಾಯಿತಿಗಳು ಅನೇಕ. ಜೀವವಿಮೆಯ ಕಂತು, ಭವಿಷ್ಯನಿಧಿ, ಮಕ್ಕಳ ಶಾಲೆಯ ಬೋಧನಶುಲ್ಕ, ಮನೆಸಾಲದ ಅಸಲು ಇವೆಲ್ಲ ಸೇರಿ 1,50,000 ರೂಪಾಯಿಗಳವರೆಗೆ. ವಾಸದ ಮನೆಯ ಸಾಲದ ಬಡ್ಡಿ 2,00,000 ರೂಪಾಯಿಗಳವರೆಗೆ. ಆರೋಗ್ಯವಿಮೆಯ ಕಂತು ತನ್ನ ಕುಟುಂಬಕ್ಕೆ 25,000, ಅರುವತ್ತು ಮೀರಿದ ತಂದೆತಾಯಿಗಳಿಗೆ ಬೇರೆಯಾಗಿ 50,000. ಇವಲ್ಲದೆ ಬಾಡಿಗೆ ಮನೆಯಲ್ಲಿರುವವರಿಗೆ ಮನೆಬಾಡಿಗೆ ಭತ್ಯದ ವಿನಾಯಿತಿ. ಇವುಗಳನ್ನೂ, ಎಲ್ಲ ಸಂಬಳದಾರರಿಗೂ ದೊರೆಯುವ 50,000 ರೂಪಾಯಿಗಳ ಸಾಮಾನ್ಯ ಕಡಿತವನ್ನೂ ಕಳೆದು ಉಳಿದುದಕ್ಕೆ ತೆರಿಗೆ. ಎರಡೂವರೆ ಲಕ್ಷದವರೆಗೆ ಏನೂ ಇಲ್ಲ. ಅಲ್ಲಿಂದ ಐದು ಲಕ್ಷದವರೆಗೆ ಶೇಕಡಾ 5. ಹತ್ತು ಲಕ್ಷದವರೆಗೆ ಶೇಕಡಾ 20. ಅದಕ್ಕೆ ಮೇಲ್ಪಟ್ಟು ಶೇಕಡಾ 30.

2020ರ ಆಯವ್ಯಯದಲ್ಲಿ ಹೊಸ ಪದ್ಧತಿಯು ಬಂದಿತು. ಇದರ ತತ್ತ್ವವು ತಿರುಗುಮುರುಗು: ದರ ಕಡಿಮೆ, ವಿನಾಯಿತಿಗಳೂ ಕಡಿಮೆ. ಮೇಲೆ ಹೇಳಿದವುಗಳಲ್ಲಿ ಸಾಮಾನ್ಯ ಕಡಿತವೊಂದೇ ಇಲ್ಲಿ ದೊರೆಯುವುದು. ಅದನ್ನು 2024ರಲ್ಲಿ 75,000ಕ್ಕೆ ಏರಿಸಿದರು. ಧಣಿಯು ನೌಕರನ ಹೆಸರಿನಲ್ಲಿ ರಾಷ್ಟ್ರೀಯ ಪಿಂಚಣಿ ಯೋಜನೆಗೆ ಕಟ್ಟುವ ಭಾಗವು ಮೂಲವೇತನದ ಶೇಕಡಾ 14ರವರೆಗೆ ಇಲ್ಲಿಯೂ ಕಳೆಯತಕ್ಕದ್ದೇ. 2025-26ನೆಯ ಸಾಲಿನ ದರಗಳು ಹೀಗಿವೆ: ನಾಲ್ಕು ಲಕ್ಷದವರೆಗೆ ಏನೂ ಇಲ್ಲ, ಅನಂತರ ಎಂಟು ಲಕ್ಷದವರೆಗೆ ಶೇಕಡಾ 5, ಹನ್ನೆರಡರವರೆಗೆ 10, ಹದಿನಾರರವರೆಗೆ 15, ಇಪ್ಪತ್ತರವರೆಗೆ 20, ಇಪ್ಪತ್ತನಾಲ್ಕರವರೆಗೆ 25, ಅದಕ್ಕೆ ಮೇಲೆ 30. ತೆರಿಗೆಗೆ ಒಳಪಡುವ ಆದಾಯವು ಹನ್ನೆರಡು ಲಕ್ಷವನ್ನು ಮೀರದಿದ್ದರೆ ಬರುವ ತೆರಿಗೆಯೆಲ್ಲವನ್ನೂ ರಿಯಾಯಿತಿಯಾಗಿ ಬಿಟ್ಟುಬಿಡುವರು. ಎರಡು ಪದ್ಧತಿಗಳಲ್ಲಿಯೂ ತೆರಿಗೆಯ ಮೇಲೆ ಶೇಕಡಾ 4ರಂತೆ ಸೆಸ್ಸು ಸೇರುವುದು.

ಇಲ್ಲಿ ಮುಖ್ಯವಾಗಿ ಗಮನಿಸತಕ್ಕ ಸಂಗತಿಯೊಂದಿದೆ. 2023-24ನೆಯ ಸಾಲಿನಿಂದ ಹೊಸ ಪದ್ಧತಿಯೇ ಸಹಜವಾದ ಪದ್ಧತಿಯೆಂದು ಗೊತ್ತುಮಾಡಿದ್ದಾರೆ. ಎಂದರೆ, ಕಚೇರಿಯ ಪ್ರಶ್ನೆಗೆ ಉತ್ತರ ಕೊಡದೆ ಸುಮ್ಮನಿದ್ದವನನ್ನು ಹೊಸ ಪದ್ಧತಿಗೆ ಒಪ್ಪಿದವನೆಂದೇ ತಿಳಿದು ತೆರಿಗೆ ಮುರಿಯುವರು. ಮೌನಂ ಸಮ್ಮತಿಲಕ್ಷಣಂ ಎಂಬ ಮಾತು ಇಲ್ಲಿ ಅಕ್ಷರಶಃ ಸಲ್ಲುವುದು.

ಒಂದೇ ಸಂಬಳ, ಎರಡು ಸಂಸಾರ

ನಮಗೆ ಪರಿಚಿತರಾದ ಇಬ್ಬರು ಗೃಹಸ್ಥರ ಸಂಗತಿಯನ್ನು ಇಲ್ಲಿ ಹೇಳುವುದು ಉಪಯುಕ್ತ. ಇಬ್ಬರೂ ಬೆಂಗಳೂರಿನ ಒಂದೇ ಕಚೇರಿಯಲ್ಲಿ ಎದುರುಬದುರು ಕುಳಿತು ಕೆಲಸ ಮಾಡುವವರು; ಇಬ್ಬರಿಗೂ ವರ್ಷಕ್ಕೆ 18,00,000 ರೂಪಾಯಿ ಸಂಬಳ. ಮೊದಲನೆಯವರು ಬಾಡಿಗೆ ಮನೆಯಲ್ಲಿರುವರು. ಮೈಸೂರಿನಲ್ಲಿ ಸಾಲ ಮಾಡಿ ಕಟ್ಟಿಸಿದ ಸ್ವಂತ ಮನೆಯಲ್ಲಿ ಅವರ ವೃದ್ಧ ತಂದೆತಾಯಿಗಳು ಇದ್ದಾರೆ. ಎರಡನೆಯವರು ಬೆಂಗಳೂರಿನಲ್ಲಿಯೇ ಸಾಲದ ಮೇಲೆ ಕೊಂಡ ಸ್ವಂತ ಮನೆಯಲ್ಲಿ ವಾಸಿಸುವರು, ತಂದೆತಾಯಿಗಳೂ ಜೊತೆಯಲ್ಲಿರುವರು. ಇಬ್ಬರಿಗೂ ಸಾಲದ ಬಡ್ಡಿ ಎರಡು ಲಕ್ಷಕ್ಕೆ ಕಡಿಮೆಯಿಲ್ಲ. ಭವಿಷ್ಯನಿಧಿ, ವಿಮೆ ಮೊದಲಾದವು ಒಂದೂವರೆ ಲಕ್ಷವನ್ನು ಮುಟ್ಟುವುವು. ಆರೋಗ್ಯವಿಮೆಯ ಕಂತು ತಮ್ಮದೂ ಹಿರಿಯರದೂ ಸೇರಿ 75,000.

ಮೊದಲನೆಯವರು 2025ರ ಏಪ್ರಿಲಿನಲ್ಲಿ ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಿ "ಹಳೆಯ ಪದ್ಧತಿ" ಎಂದು ಬರೆದುಕೊಟ್ಟರು. ಎರಡನೆಯವರು, "ಅವರು ಲೆಕ್ಕದಲ್ಲಿ ನಿಪುಣರು, ಅವರ ಸಂಬಳವೇ ನಮ್ಮ ಸಂಬಳ" ಎಂದುಕೊಂಡು ತಾವೂ ಹಾಗೆಯೇ ಬರೆದುಕೊಟ್ಟರು.

ಜನವರಿ ತಿಂಗಳಿನಲ್ಲಿ ಕಚೇರಿಯವರು ರಸೀದಿಗಳನ್ನು ಕೇಳಿದಾಗ ಎರಡನೆಯವರ ಪತ್ನಿಯು ಅವನ್ನೆಲ್ಲ ಜೋಡಿಸುತ್ತ, "ಅಲ್ಲಾ ಅಂದ್ರೆ, ಮನೆಬಾಡಿಗೆ ಎಂಬ ಕಡೆ ನಾವು ಏನು ಬರೆಯುವುದು? ನಾವು ಬಾಡಿಗೆ ಕೊಡುವುದೇ ಇಲ್ಲವಲ್ಲ!" ಎಂದು ಕೇಳಿದರಂತೆ. ಆ ಒಂದು ಪ್ರಶ್ನೆಯಿಂದ ಲೆಕ್ಕವು ಹೊರಬಿದ್ದಿತು.

ಮೊದಲನೆಯವರ ಲೆಕ್ಕವನ್ನು ನೋಡೋಣ. ಅವರ ಮೂಲವೇತನ ವರ್ಷಕ್ಕೆ 7,20,000. ಕಚೇರಿಯಿಂದ ಬರುವ ಮನೆಬಾಡಿಗೆ ಭತ್ಯ 2,88,000. ಅವರು ನಿಜವಾಗಿ ಕೊಡುವ ಬಾಡಿಗೆ ತಿಂಗಳಿಗೆ 26,000ದಂತೆ 3,12,000. ಭತ್ಯದ ವಿನಾಯಿತಿಯು ಮೂರು ಮೊತ್ತಗಳಲ್ಲಿ ಯಾವುದು ಅತಿ ಕಡಿಮೆಯೋ ಅಷ್ಟು: ಬಂದ ಭತ್ಯ, ಕೊಟ್ಟ ಬಾಡಿಗೆಯಲ್ಲಿ ಮೂಲವೇತನದ ಹತ್ತನೆಯ ಒಂದು ಭಾಗವನ್ನು ಕಳೆದುದು, ಮೂಲವೇತನದ ಶೇಕಡಾ 40, ಕೆಲವು ಮಹಾನಗರಗಳಲ್ಲಿ 50. ಇವರಿಗೆ ಎರಡನೆಯದೇ ಕಡಿಮೆ; ಅದು 2,40,000. ಇದನ್ನೂ ಉಳಿದ 4,25,000ವನ್ನೂ ಸಾಮಾನ್ಯ ಕಡಿತದ 50,000ವನ್ನೂ ಕಳೆದರೆ ತೆರಿಗೆಗೆ ಒಳಪಡುವುದು 10,85,000. ಅದಕ್ಕೆ ಸೆಸ್ಸು ಸಹಿತ ತೆರಿಗೆ 1,43,520 ರೂಪಾಯಿ. ಹೊಸ ಪದ್ಧತಿಯಲ್ಲಾದರೆ 17,25,000ಕ್ಕೆ 1,50,800 ರೂಪಾಯಿ. ಹಳೆಯದರಿಂದ ಇವರಿಗೆ ಉಳಿದುದು 7,280 ರೂಪಾಯಿ.

ಎರಡನೆಯವರಿಗೆ ಬಾಡಿಗೆಯ ಬಾಬು ಇಲ್ಲ. ಆದಕಾರಣ ಹಳೆಯ ಪದ್ಧತಿಯಲ್ಲಿ 13,25,000ಕ್ಕೆ ತೆರಿಗೆ. ಸೆಸ್ಸು ಸಹಿತ 2,18,400. ಹೊಸ ಪದ್ಧತಿಯಲ್ಲಿ ಅವರಿಗೂ 1,50,800 ಮಾತ್ರವೇ. ಸ್ನೇಹಿತರನ್ನು ನೋಡಿ ಬರೆದುದಕ್ಕೆ ಅವರಿಂದ ಹೆಚ್ಚಾಗಿ ಮುರಿಯುತ್ತ ಬಂದುದು ವರ್ಷಕ್ಕೆ 67,600 ರೂಪಾಯಿ, ಎಂದರೆ ತಿಂಗಳಿಗೆ ಐದು ಸಾವಿರದ ಆರುನೂರಕ್ಕಿಂತ ಹೆಚ್ಚು. ಅದೇ ವರ್ಷ ಜೂನ್ ತಿಂಗಳಿನಲ್ಲಿ ಮಗಳ ಕಾಲೇಜಿನ ಶುಲ್ಕಕ್ಕಾಗಿ ಅವರು ಬಡ್ಡಿಗೆ ಕೈಸಾಲ ಮಾಡಿದ್ದರೆಂಬುದನ್ನು ನೆನೆದರೆ, ಈ ಮರವೆಯ ಬೆಲೆ ಎಷ್ಟೆಂಬುದು ತಿಳಿಯುವುದು.

ಲೆಕ್ಕ ಹಾಕುವ ಕ್ರಮ

ಇಂತಹ ತೊಡಕಿಗೆ ಸಿಕ್ಕದಿರಬೇಕಾದರೆ ಒಂದು ಸಂಜೆಯ ಪುರುಸೊತ್ತು ಸಾಕು. ಅರುವತ್ತು ವರ್ಷದೊಳಗಿನವರಿಗೆ, 2025-26ನೆಯ ಸಾಲಿನ ದರದಂತೆ, ಸಂಬಳವೊಂದೇ ಆದಾಯವೆಂದು ಇಟ್ಟುಕೊಂಡು ಹೇಳುತ್ತೇವೆ.

ವರ್ಷದ ಸಂಬಳವು 12,75,000ವನ್ನು ಮೀರದಿದ್ದರೆ ಯೋಚನೆಯೇ ಬೇಕಾಗಿಲ್ಲ. ಹೊಸ ಪದ್ಧತಿಯಲ್ಲಿ ತೆರಿಗೆಯೇ ಇಲ್ಲ. ಇದೇ ಗೃಹಸ್ಥನು ಹನ್ನೆರಡು ಲಕ್ಷ ಸಂಬಳದಲ್ಲಿ ಹಳೆಯ ಪದ್ಧತಿಯನ್ನು ಹಿಡಿದು, ಒಂದೂವರೆ ಲಕ್ಷದ ಉಳಿತಾಯವನ್ನು ಮಾತ್ರ ತೋರಿಸಿದರೆ 1,17,000 ರೂಪಾಯಿ ತೆರಬೇಕಾಗುವುದು. ಶೇರು ಮೊದಲಾದವುಗಳ ಮಾರಾಟದಿಂದ ಬಂದ ಲಾಭಕ್ಕೆ ಬೇರೆ ದರಗಳುಂಟು. ಆ ತೆರಿಗೆಗೆ ಈ ರಿಯಾಯಿತಿ ಸಲ್ಲದೆಂಬುದನ್ನು ಮಾತ್ರ ನೆನಪಿಡಬೇಕು.

"ಹನ್ನೆರಡು ಲಕ್ಷಕ್ಕೆ ಒಂದು ರೂಪಾಯಿ ಹೆಚ್ಚಾದರೂ ಅರುವತ್ತು ಸಾವಿರ ತೆರಿಗೆ ಬೀಳುವುದಂತೆ, ಭಡ್ತಿಯೇ ಬೇಡ" ಎಂದು ಹೆದರುವವರನ್ನೂ ಕಂಡಿದ್ದೇವೆ. ಈ ಹೆದರಿಕೆ ನಿರಾಧಾರ. ತೆರಿಗೆಗೆ ಒಳಪಡುವ ಆದಾಯವು 12,10,000 ಆದರೆ, ಮೀರಿದ ಹತ್ತು ಸಾವಿರಕ್ಕಿಂತ ಹೆಚ್ಚಾಗಿ ತೆರಿಗೆ ಹಾಕುವಂತಿಲ್ಲ. ಅದಕ್ಕೆ 400 ರೂಪಾಯಿ ಸೆಸ್ಸು ಸೇರುವುದು, ಅಷ್ಟೆ.

ಸಂಬಳವು ಅದಕ್ಕೂ ಮೇಲೆ ಹೋದಾಗಲೇ ತಕ್ಕಡಿ ಹಿಡಿಯಬೇಕಾದುದು. ಸಾಮಾನ್ಯ ಕಡಿತವನ್ನು ಬಿಟ್ಟು ಉಳಿದ ವಿನಾಯಿತಿಗಳೆಲ್ಲ ಸೇರಿ ಎಷ್ಟಾದರೆ ಎರಡು ಪದ್ಧತಿಗಳೂ ಸಮವಾಗುವುವೆಂಬುದನ್ನು ನಾವು ಲೆಕ್ಕ ಹಾಕಿ ಕೆಳಗೆ ಕೊಟ್ಟಿದ್ದೇವೆ:

ಸಂಬಳ 15,00,000 ಆದರೆ: ವಿನಾಯಿತಿ 5,43,750.
ಸಂಬಳ 18,00,000 ಆದರೆ: ವಿನಾಯಿತಿ ಸುಮಾರು 6,41,667.
ಸಂಬಳ 24,75,000ದಿಂದ 50 ಲಕ್ಷದವರೆಗೆ: ವಿನಾಯಿತಿ 8,00,000.

ತಮ್ಮ ಮನೆಯ ವಿನಾಯಿತಿಗಳ ಮೊತ್ತವು ಇದಕ್ಕೆ ಮೀರಿದರೆ ಹಳೆಯದು ಲಾಭ. ಕಡಿಮೆಯಾದರೆ ಹೊಸದು ಲಾಭ. ಬಾಡಿಗೆಯೂ ಮನೆಸಾಲದ ಬಡ್ಡಿಯೂ ಎರಡೂ ಇರುವವರನ್ನು ಬಿಟ್ಟರೆ ಮಿಕ್ಕವರು ಈ ಮೊತ್ತವನ್ನು ಮುಟ್ಟುವುದು ಕಷ್ಟ. ಮನೆಯ ಸ್ಥಿತಿಯೂ ವರ್ಷದಿಂದ ವರ್ಷಕ್ಕೆ ಬದಲಾಗುವುದು. ಮೇಲೆ ಹೇಳಿದ ಮೊದಲನೆಯವರೇ ನಾಳೆ ಮೈಸೂರಿಗೆ ವರ್ಗವಾಗಿ ಸ್ವಂತ ಮನೆಯಲ್ಲಿ ನಿಂತರೆ ಅವರ ಲೆಕ್ಕವು ಎರಡನೆಯವರ ಲೆಕ್ಕವೇ ಆಗಿಬಿಡುವುದು. ಆದುದರಿಂದ ಕಳೆದ ವರ್ಷದ ಉತ್ತರವನ್ನು ಈ ವರ್ಷಕ್ಕೆ ನಕಲು ಮಾಡಬಾರದು.

ಈ ಲೆಕ್ಕವನ್ನು ಗಂಡಹೆಂಡಿರು ಒಟ್ಟಿಗೆ ಕುಳಿತು ಮಾಡುವುದು ಒಳ್ಳೆಯದು. ಶಾಲೆಯ ಶುಲ್ಕ, ವಿಮೆಯ ರಸೀದಿ, ಬಾಡಿಗೆಯ ಚೀಟಿ ಇವೆಲ್ಲ ಎಲ್ಲಿವೆಯೆಂಬುದು ಅನೇಕ ಮನೆಗಳಲ್ಲಿ ಯಜಮಾನನಿಗಿಂತ ಯಜಮಾನಿಗೇ ಚೆನ್ನಾಗಿ ತಿಳಿದಿರುವುದು.

ಕೆಲವು ಎಚ್ಚರಿಕೆಗಳು

ವರ್ಷದ ನಡುವೆ ಕೆಲಸ ಬದಲಾಯಿಸುವವರು ಹಿಂದಿನ ಕಚೇರಿಯಲ್ಲಿ ಬಂದ ಸಂಬಳವನ್ನೂ ಮುರಿದ ತೆರಿಗೆಯನ್ನೂ ಹೊಸ ಕಚೇರಿಗೆ ತಪ್ಪದೆ ಬರೆದು ತಿಳಿಸಬೇಕು. ಹದಿನೆಂಟು ಲಕ್ಷ ಸಂಬಳದವನೊಬ್ಬನು ಆರು ತಿಂಗಳು ಒಂದು ಕಡೆಯೂ, ಆರು ತಿಂಗಳು ಅದೇ ಸಂಬಳಕ್ಕೆ ಇನ್ನೊಂದು ಕಡೆಯೂ ದುಡಿದನೆಂದು ಇಟ್ಟುಕೊಳ್ಳೋಣ. ಮೊದಲನೆಯ ಕಚೇರಿಯು ವರ್ಷದ ತೆರಿಗೆಯ ಅರ್ಧ, 75,400 ರೂಪಾಯಿ, ಮುರಿದಿರುವುದು. ಎರಡನೆಯದಕ್ಕೆ ಹಿಂದಿನ ಸಂಗತಿ ತಿಳಿಯದಿದ್ದರೆ, ಅದರ ಲೆಕ್ಕದಲ್ಲಿ ಅವನ ಆದಾಯ ಒಂಬತ್ತೇ ಲಕ್ಷ. ಅದು ಏನನ್ನೂ ಮುರಿಯದು. ಆರು ತಿಂಗಳು ಕೈತುಂಬ ಬಂದ ಹಣವನ್ನು ಕಂಡು ಸಂತೋಷಪಟ್ಟವನು ಕೊನೆಗೆ 75,400 ರೂಪಾಯಿಗಳನ್ನು ಒಂದೇ ಸಲ, ಬಡ್ಡಿಯ ಸಮೇತ, ಕಟ್ಟಬೇಕಾಗುವುದು.

ಇಲ್ಲದ ಬಾಡಿಗೆಗೆ ಚೀಟಿ ಬರೆಯಿಸಿ, ಕೊಡದ ದಾನಕ್ಕೆ ರಸೀದಿ ತಂದು ಹಳೆಯ ಪದ್ಧತಿಯ ಲಾಭ ಪಡೆಯುವ ದಾರಿಯನ್ನು ಕೆಲವರು ಹೇಳಿಕೊಡುವರು. ಇದು ಪ್ರಾಮಾಣಿಕನ ದಾರಿಯಲ್ಲ; ಲಾಭದ ದಾರಿಯೂ ಅಲ್ಲ. ಸುಳ್ಳು ಲೆಕ್ಕದಿಂದ ತಪ್ಪಿಸಿದ ತೆರಿಗೆಯ ಎರಡರಷ್ಟು ದಂಡ ವಿಧಿಸಲು ಕಾನೂನಿನಲ್ಲಿ ಅವಕಾಶವಿದೆ. ವರ್ಷಕ್ಕೆ ಒಂದು ಲಕ್ಷಕ್ಕಿಂತ ಹೆಚ್ಚು ಬಾಡಿಗೆ ಕೊಡುವವರು ಮನೆಯ ಒಡೆಯನ ಪ್ಯಾನ್ ಸಂಖ್ಯೆಯನ್ನು ಕೊಡಬೇಕಾದುದರಿಂದ ಪರೀಕ್ಷೆಯೂ ಸುಲಭ. ತಂದೆಯ ಮನೆಯಲ್ಲಿದ್ದು ತಂದೆಗೆ ನಿಜವಾಗಿ ಬಾಡಿಗೆ ಕೊಡುವುದು ತಪ್ಪಲ್ಲ. ಆದರೆ ಆ ಹಣವು ತಂದೆಯವರ ಆದಾಯದಲ್ಲಿ ಕಾಣಿಸಬೇಕು.

ತಪ್ಪಿದರೆ ತಿದ್ದಿಕೊಳ್ಳುವ ಬಗೆ

ಈಗ ಎರಡನೆಯ ಮಿತ್ರರ ಕಥೆಗೆ ಬರೋಣ. ಅವರು ಪತ್ನಿಯ ಮಾತಿನಂತೆ ಕಚೇರಿಯಲ್ಲಿ ವಿಚಾರಿಸಿದಾಗ, ವರ್ಷದ ನಡುವೆ ಪದ್ಧತಿಯನ್ನು ಬದಲಾಯಿಸಲಾಗದೆಂದು ಉತ್ತರ ಬಂದಿತು. ಅನೇಕ ಕಚೇರಿಗಳಲ್ಲಿ ನಿಯಮವು ಹೀಗೆಯೇ. ಅವರು ಹಣ ಹೋಯಿತೆಂದೇ ಬಗೆದು ಬಹಳ ಕುಗ್ಗಿ ನಮ್ಮಲ್ಲಿಗೆ ಬಂದರು.

ಆದರೆ ಹಣ ಹೋಗಿರಲಿಲ್ಲ. ಕಚೇರಿಗೆ ಬರೆದುಕೊಡುವುದು ತಿಂಗಳು ತಿಂಗಳು ಎಷ್ಟು ಮುರಿಯಬೇಕೆಂಬುದಕ್ಕಾಗಿ ಮಾತ್ರ. ಅದು ಕಾನೂನಿನ ಪ್ರಕಾರ ಕೊನೆಯ ಆಯ್ಕೆಯಲ್ಲವೆಂದು ತೆರಿಗೆಯ ಕೇಂದ್ರಮಂಡಲಿಯವರು 2023ನೆಯ ಏಪ್ರಿಲಿನ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದ್ದಾರೆ. ಕೊನೆಯ ಆಯ್ಕೆ ಆಗುವುದು ವರ್ಷ ಮುಗಿದ ಮೇಲೆ ಆದಾಯದ ಲೆಕ್ಕಪತ್ರವನ್ನು, ಎಂದರೆ ರಿಟರ್ನನ್ನು, ಸಲ್ಲಿಸುವಾಗ. ಆಗ ಅವರು ಹೊಸ ಪದ್ಧತಿಯನ್ನು ಹಿಡಿದರೆ ಹೆಚ್ಚಾಗಿ ಮುರಿದ ಹಣ ಹಿಂದಿರುಗಿ ಬರುವುದು. ಇದನ್ನು ಕೇಳಿ ಅವರ ಮುಖವು ಅರಳಿತು.

ಇದರಲ್ಲಿ ಎರಡು ಕಟ್ಟುಗಳುಂಟು. ಹಳೆಯ ಪದ್ಧತಿ ಬೇಕಾದವರು ಗೊತ್ತಾದ ಗಡುವಿನೊಳಗೆ, ಸಂಬಳದಾರರಿಗೆ ಅದು ಸಾಮಾನ್ಯವಾಗಿ ಜುಲೈ 31, ಲೆಕ್ಕಪತ್ರವನ್ನು ಸಲ್ಲಿಸಲೇಬೇಕು. ಗಡುವು ಮೀರಿ ಸಲ್ಲಿಸಿದವರಿಗೆ ಹೊಸ ಪದ್ಧತಿಯೊಂದೇ ಗತಿ. ಎರಡನೆಯದಾಗಿ, ಪ್ರತಿ ವರ್ಷವೂ ಬೇಕಾದಂತೆ ಬದಲಾಯಿಸುವ ಸ್ವಾತಂತ್ರ್ಯವು ವ್ಯಾಪಾರ ಅಥವಾ ಸ್ವತಂತ್ರ ವೃತ್ತಿಯ ಆದಾಯವಿಲ್ಲದವರಿಗೆ ಮಾತ್ರ. ಸಂಬಳದೊಡನೆ ಅಂತಹ ಆದಾಯವೂ ಇರುವವರು ಹಳೆಯದನ್ನು ಹಿಡಿದು ಒಮ್ಮೆ ಹೊಸದಕ್ಕೆ ಹಿಂದಿರುಗಿದರೆ, ಆ ಆದಾಯವಿರುವವರೆಗೆ ಮತ್ತೆ ಹಳೆಯದಕ್ಕೆ ಬರಲಾರರು.

ಆದರೂ ಕೊನೆಯಲ್ಲಿ ಬರುವುದೆಂದು ಮೊದಲು ಅಲಕ್ಷ್ಯ ಮಾಡುವುದು ಜಾಣತನವಲ್ಲ. ಮುಂದೆ ಹಿಂದಿರುಗುವ ಅರುವತ್ತೇಳು ಸಾವಿರವು ಕಳೆದ ಜೂನಿನಲ್ಲಿ ಮಾಡಿದ ಕೈಸಾಲದ ಬಡ್ಡಿಯನ್ನು ತಪ್ಪಿಸಲಾರದು.

ಉಳಿತಾಯದ ಮಾತು

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನು ಹೇಳದೆ ಲೇಖನಿಯನ್ನು ಕೆಳಗಿಡಲಾರೆವು. ಹಳೆಯ ಪದ್ಧತಿಯು ತೆರಿಗೆಯ ಭಯದಿಂದಲಾದರೂ ನಮ್ಮ ಜನರಿಂದ ಉಳಿತಾಯ ಮಾಡಿಸುತ್ತಿತ್ತು. ಮಾರ್ಚ್ ತಿಂಗಳು ಬಂದಿತೆಂದರೆ ವಿಮೆಯ ಕಂತೋ ಅಂಚೆಕಚೇರಿಯ ಠೇವಣಿಯೋ ಹೇಗೋ ಕಟ್ಟಿಹೋಗುತ್ತಿತ್ತು. ಹೊಸ ಪದ್ಧತಿಯು ಯಾವ ರಸೀದಿಯನ್ನೂ ಕೇಳದು. "ಇನ್ನು ವಿಮೆಯಿಂದ ಏನು ಪ್ರಯೋಜನ? ತೆರಿಗೆಯೇನೂ ಉಳಿಯದಲ್ಲ!" ಎಂದು ಕಂತುಗಳನ್ನು ನಿಲ್ಲಿಸಿದ ಗೃಹಸ್ಥರನ್ನು ನಾವು ಬಲ್ಲೆವು. ವಿಮೆಯನ್ನು ಮಾಡಿಸಿದುದು ತೆರಿಗೆಗಾಗಿಯೇ, ಹೆಂಡತಿ ಮಕ್ಕಳಿಗಾಗಿಯೇ ಎಂಬುದನ್ನು ಅವರು ಯೋಚಿಸಬೇಕು. ಕಂತು ನಿಂತು ಊರ್ಜಿತ ತಪ್ಪಿದ ವಿಮೆಯು ಆಪತ್ಕಾಲದಲ್ಲಿ ಆ ಮನೆಗೆ ಆಸರೆಯಾಗದು. ಸಾರ್ವಜನಿಕ ಭವಿಷ್ಯನಿಧಿಗೂ ಹೆಣ್ಣುಮಗುವಿನ ಹೆಸರಿನ ಸುಕನ್ಯಾ ಸಮೃದ್ಧಿ ಖಾತೆಗೂ ಬರುವ ಬಡ್ಡಿಗೆ ಹೊಸ ಪದ್ಧತಿಯಲ್ಲಿಯೂ ತೆರಿಗೆಯಿಲ್ಲವೆಂಬುದನ್ನೂ ಮರೆಯಬಾರದು.

ಹಾಗೆಯೇ, ಹಳೆಯ ಪದ್ಧತಿಯ ಮೊತ್ತವನ್ನು ಮುಟ್ಟಬೇಕೆಂಬ ಒಂದೇ ಕಾರಣದಿಂದ ಬೇಡದ ವಿಮೆಯನ್ನು ಕೊಳ್ಳುವುದೂ ಸಾಲ ಮಾಡುವುದೂ ಅವಿವೇಕ. ಮೊದಲು ಮನೆಗೆ ಏನು ಬೇಕೆಂಬುದನ್ನು ನಿಶ್ಚಯಿಸಿ, ಅನಂತರ ಆ ನಿಶ್ಚಯಕ್ಕೆ ಯಾವ ಪದ್ಧತಿ ಹೊಂದುವುದೋ ಅದನ್ನು ಆರಿಸಿಕೊಳ್ಳಬೇಕು.

ನಮ್ಮ ಎರಡನೆಯ ಮಿತ್ರರು ಈಗ ಕಚೇರಿಯ ಪ್ರಶ್ನೆ ಬಂದೊಡನೆ ಉತ್ತರ ಬರೆಯುವುದಿಲ್ಲವಂತೆ. ಅದನ್ನು ಮನೆಗೆ ತಂದು, ಊಟವಾದ ಮೇಲೆ ಪತ್ನಿಯ ಮುಂದಿಟ್ಟು, ಖರ್ಚಿನ ಪುಸ್ತಕವನ್ನು ತೆಗೆಯುವರಂತೆ. ಹೆಚ್ಚಾಗಿ ಮುರಿಯುತ್ತಿದ್ದಷ್ಟು ಹಣವನ್ನು ತಿಂಗಳು ತಿಂಗಳೂ ಮಗಳ ಮುಂದಿನ ವರ್ಷದ ಶುಲ್ಕಕ್ಕೆಂದು ಬ್ಯಾಂಕಿನಲ್ಲಿ ಬೇರೆಯಾಗಿ ಕಟ್ಟುವುದೆಂದು ಇಬ್ಬರೂ ಗೊತ್ತುಮಾಡಿಕೊಂಡಿರುವರೆಂದು ಕೇಳಿ ನಮಗೆ ಬಹಳ ಸಂತೋಷವಾಯಿತು. ವಾಚಕರೂ ಹಾಗೆಯೇ ಮಾಡುವರೆಂದು ನಂಬಿದ್ದೇವೆ.